‘ಬೀಗದವನ ಮಗಳು’ ಆಡಿದ ಮೇಲೆ

ಮಾರ್ಚ್ ೯, ಭಾನುವಾರ ಬೆಳಗ್ಗೆ

ನನ್ನ ಮುದ್ದು ಕುಳ್ಳಿ,

ನೀನು ಕಥೆ ಬರೆದ ವಿಡಿಯೋ ಆಟವನ್ನು ಆಡಿ ಮುಗಿಸಿದೆ. ನಂಬಿಕೆ ಬರದಿದ್ದರೆ ಪಕ್ಕದ ಮನೆಯ ಕಂಡಕ್ಟರನ್ನು ಕೇಳು, ಮೊದಲಿಂದ ಕೊನೆಯವರೆಗೂ ನಮ್ಮ ಸೋಫಾದಲ್ಲಿ ಕೂತು ನೋಡಿದ ಸಾಕ್ಷಿ ಅವರು. ಆಟದ ಜೊತೆ ಕಳಿಸಿದ ಹಾಳೆಯಲ್ಲಿ ‘ಬಲ’, ‘ದೌರ್ಬಲ್ಯ’ ಎಂದು ಎರಡು ಚೌಕ ಹಾಕಿ, ಮಗಳು ಅಂತ ದಾಕ್ಷಿಣ್ಯ ಮಾಡಬೇಡ, ಇದ್ದದ್ದು ಇದ್ದ ಹಾಗೆ ಬರಿ ಎಂದಿದ್ದೆಯಲ್ಲ, ಆ ಚೌಕಗಳಲ್ಲಿ ನನ್ನ ಮಾತು ಹಿಡಿಸಲಿಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು. ಪಾಳಿ ಮುಗಿದಾಗ ಮುಂದಿನವಳಿಗೆ ಒಬ್ಬೊಬ್ಬ ರೋಗಿಯನ್ನೂ ಒಪ್ಪಿಸಿ, ಒಂದೂ ಬಿಡದೆ ಹೇಳಿ ಮನೆಗೆ ಬರುತ್ತಿದ್ದೆ. ಈ ಕಾಗದವನ್ನೂ ಹಾಗೇ ಓದಿಕೋ. ಫೋನಿನಲ್ಲಿ ಹೇಳಬಾರದಿತ್ತಾ ಅನ್ನಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದದ್ದನ್ನು ನುಂಗಿಕೊಳ್ಳುತ್ತೇನೆ.

ಮೊದಲ ವಾರ ನನ್ನ ಪಾಡು ಯಾರಿಗೂ ಬೇಡ. ಕೈಯಲ್ಲಿ ಹಿಡಿಯುವ ಆ ಸಾಮಾನಿನಲ್ಲಿ ಎಷ್ಟು ಗುಂಡಿಗಳು ಮಾರಾಯ್ತಿ! ನಿನ್ನ ನಾಯಕಿಯನ್ನು ಮುಂದೆ ನಡೆಸಲು ಹೋದರೆ ಅವಳು ಗೋಡೆಗೆ ಮುಖ ಉಜ್ಜುತ್ತ ನಿಂತುಬಿಡುತ್ತಿದ್ದಳು. ಕಂಡಕ್ಟರು ಕೂತಲ್ಲಿಂದಲೇ, ಹಿಂದೆ ಬನ್ನಿ, ಇನ್ನೂ ಬನ್ನಿ, ಹಾಂ, ರೈಟ್ ಎಂದು ಕೂಗುತ್ತಿದ್ದರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಆ ಮನುಷ್ಯನಿಗೆ ಬಸ್ಸು ಹಿಂದಕ್ಕೆ ತೆಗೆಸುವ ಚಟ ಬಿಟ್ಟಿಲ್ಲ. ಸೇತುವೆಯ ಮೇಲಿನ ದೈತ್ಯ ನನ್ನನ್ನು ಹದಿನಾಲ್ಕು ಸಲ ಕೊಂದ. ಹದಿನೈದನೆಯ ಸಲ ಹೊಡೆದಾಟದ ಗೊಡವೆಯೇ ಬೇಡವೆಂದು ಅವನ ಕಾಲ ಸಂದಿಯಿಂದ ನುಸುಳಿ ಓಡಿದೆ. ಆಚೆ ದಡದಲ್ಲಿ ಒಬ್ಬ ಮೀನುಗಾರ, ಭಲೇ, ಕತ್ತಿಗಿಂತ ಕಾಲು ಚುರುಕು ಅಂದ. ಅಂದರೆ ಹೀಗೆ ಓಡುವವರೂ ಇರುತ್ತಾರೆ ಎಂದು ನೀನು ಮೊದಲೇ ಯೋಚಿಸಿದ್ದೆ. ನನ್ನಂಥ ಹೆದರುಪುಕ್ಕಲಿಗೂ ದಾರಿ ಬಿಟ್ಟದ್ದು ನಿನ್ನ ಆಟದ ಮೊದಲ ಬಲ.

ಎರಡನೆಯದು ಕಥೆ. ನೂರು ವರ್ಷಕ್ಕೊಂದು ಹೆಜ್ಜೆ ಊರಿನತ್ತ ಸರಿಯುವ ಬೆಟ್ಟ, ಅದನ್ನು ತಡೆಯಲು ಬೀಗ ಹಾಕಬೇಕಾದ ಏಳು ಬಾಗಿಲು, ಅವುಗಳ ಬೀಗದ ಕೈಗಳನ್ನು ಹುಡುಕಿ ಹೊರಡುವ ಬೀಗದವನ ಮಗಳು. ಕೇಳಿದರೆ ಮಕ್ಕಳ ಕಥೆ ಅನ್ನಿಸುತ್ತದೆ. ಆಡುವಾಗ ಹಾಗನ್ನಿಸಲಿಲ್ಲ. ದಾರಿಯಲ್ಲಿ ಸಿಗುವ ಬೇರೆ ಬೀಗಗಳನ್ನು ಮಂತ್ರದಿಂದ ತೆಗೆದಾಗಲೆಲ್ಲ ಅವಳು ತನ್ನ ಒಂದು ನೆನಪನ್ನು ಬಿಟ್ಟುಕೊಡಬೇಕು ಎಂದು ಇಟ್ಟಿದ್ದೀಯಲ್ಲ, ಅದನ್ನು ನೋಡಿ ಬೆರಗಾದೆ. ಪಟ್ಟಿಯಿಂದ ಯಾವ ನೆನಪನ್ನು ಕೊಡುವುದೆಂದು ತೋಚದೆ, ಒಂದು ಉಗ್ರಾಣದ ಸುತ್ತ ಎರಡು ದಿನ ಸುಮ್ಮನೆ ಅಲೆದೆ. ಕೊನೆಗೆ ಅವಳ ಮೊದಲ ಗೆಳತಿಯ ಮುಖ ಕೊಟ್ಟೆ. ಮುಂದೆ ಸಂತೆಯಲ್ಲಿ ಒಬ್ಬಳು ನಗುತ್ತ ಹತ್ತಿರ ಬಂದಾಗ ನಿನ್ನ ನಾಯಕಿ, ನೀವು ಯಾರು, ಗೊತ್ತಾಗಲಿಲ್ಲ ಅಂದಳು. ನನಗೆ ಆ ದಿನ ಊಟ ಸೇರಲಿಲ್ಲ.

ಇನ್ನು ಅಲ್ಲಿಯ ಜನ. ಬಾವಿಕಟ್ಟೆಯ ಅಗಸಗಿತ್ತಿಯ ಜೊತೆ ಮಾತಾಡದೆ ಹೋದರೂ ಆಟಕ್ಕೆ ನಷ್ಟವಿಲ್ಲ. ಮಾತಾಡಿಸಿದರೆ ಅವಳು ಮುಳುಗಿ ಸತ್ತ ಮಗನ ಅಂಗಿಯನ್ನು ಇನ್ನೂ ವಾರಕ್ಕೊಮ್ಮೆ ಒಗೆಯುತ್ತಾಳೆ ಎಂದು ತಿಳಿಯುತ್ತದೆ, ಮುಂದಿನ ಸಲ ಅವಳೇ ಕರೆದು ಮಾತಾಡಿಸುತ್ತಾಳೆ. ವಾರ್ಡಿನಲ್ಲಿ ಹಾಸಿಗೆಯ ನಂಬರಿಗಿಂತ ಆಚೆ ನೋಡುವುದನ್ನು ಕಲಿಯಲು ನನಗೆ ಐದು ವರ್ಷ ಹಿಡಿಯಿತು. ನೀನು ಅದನ್ನು ಎಲ್ಲಿ ಕಲಿತೆಯೋ!

ಹೊಗಳಿದ್ದು ಸಾಕು, ಈಗ ಬೈಗುಳ. ಕತ್ತಿಯೇಟು ತಿಂದು ಹೊಟ್ಟೆ ಸೀಳಿದವಳು ಒಂದು ಕೆಂಪು ಬಾಟಲಿ ಕುಡಿದರೆ ಎದ್ದು ಕುಣಿಯುತ್ತಾಳೆ. ಮುರಿದ ಕೈ ಛತ್ರದಲ್ಲಿ ಮಲಗಿ ಏಳುವಷ್ಟರಲ್ಲಿ ಸರಿಹೋಗುತ್ತದೆ. ನರ್ಸ್ ಹೊಟ್ಟೆಯಲ್ಲಿ ಹುಟ್ಟಿ, ಒಂದು ಬ್ಯಾಂಡೇಜು ಬದಲಿಸುವ ದೃಶ್ಯವಿಲ್ಲ, ಕೈ ತೊಳೆಯುವವರಿಲ್ಲ, ನೋವಿಗೆ ನರಳುವವರಿಲ್ಲ! ಮೂರನೆಯ ಬಾಗಿಲು ದಾಟಿದ ಮೇಲೆ ಕಥೆ ಕಾಲೆಳೆಯುತ್ತದೆ. ಹತ್ತು ಅಣಬೆ ತಾ, ಕಳೆದ ಮೇಕೆ ಹುಡುಕು, ಗಿರಣಿಯವನಿಗೆ ಪತ್ರ ಮುಟ್ಟಿಸು, ಇದೇ ಆಯಿತು. ಬೆಟ್ಟ ಮೈಮೇಲೆ ಬರ್ತಿದೆ, ಈಯಮ್ಮ ಮೇಕೆ ಹಿಂದೆ ಬಿದ್ದಿದಾರೆ ಎಂದು ಕಂಡಕ್ಟರು ತಲೆ ಚಚ್ಚಿಕೊಂಡರು. ನಿನ್ನ ಕಥೆಯಲ್ಲಿ ಬರುವ ಮಂತ್ರಿ ಕೆಟ್ಟವನೆಂದು ಅವನ ಮೊದಲ ಮಾತಿಗೇ ಗೊತ್ತಾಗುತ್ತದೆ. ಆಮೇಲೂ ಅವನ ಭಾಷಣ ಮುಗಿಯುವುದಿಲ್ಲ. ಅರ್ಧ ಕತ್ತರಿಸಿಬಿಡು.

ಇವೆಲ್ಲ ಸಣ್ಣಪುಟ್ಟವು, ತಿದ್ದಬಹುದು. ದೊಡ್ಡದನ್ನು ಹೇಳುವ ಮೊದಲು ನಿನ್ನ ಬೀಗದವನ ವಿಷಯ ಬರೆಯಬೇಕು.

ಮೊದಲ ದೃಶ್ಯದಲ್ಲಿ ಅವನು ಕುರ್ಚಿಯಲ್ಲಿ ಬಗ್ಗಿ ಕೂತು, ಬೀಗದ ಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಗಳಿಗೆ ಬುದ್ಧಿ ಹೇಳುತ್ತಾನೆ. ನಿಮ್ಮಪ್ಪ! ಇಪ್ಪತ್ತೆಂಟು ವರ್ಷ ಬೈದಿದ್ದೇನೆ, ಯಾರ್ಯಾರೋ ಮುಟ್ಟಿದ ಕಬ್ಬಿಣ ಬಾಯಿಗೆ ಹಾಕಬೇಡಿ ಅಂತ. ಬೀಗ ತೆಗೆಯುವ ಮುಂಚೆ ಉಗುರಿನಿಂದ ಎರಡು ಸಲ ತಟ್ಟಿ ಕಿವಿ ಇಡುವುದು, ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕುವುದು, ಯಾವುದನ್ನೂ ನೀನು ಬಿಟ್ಟಿಲ್ಲ. ಅವರು ಹೋಗಿ ಎರಡು ವರ್ಷವಾಗುತ್ತ ಬಂತು. ಟೀವಿಯೊಳಗೆ ಅವರು ನಡೆದಾಡುವುದನ್ನು ನೋಡುತ್ತ ಆ ಮಧ್ಯಾಹ್ನವೆಲ್ಲ ಆಟದೊಳಗಿನ ಬೀಗದಂಗಡಿ ಬಿಟ್ಟು ನಾನು ಕದಲಲಿಲ್ಲ. ಕಂಡಕ್ಟರು, ಮುಂದಕ್ಕೆ ಹೋಗೋದಿಲ್ವಾ ಎಂದು ಕೇಳಿ ಕೇಳಿ ಸಾಕಾಗಿ ಮನೆಗೆ ಹೋದರು. ನಿನ್ನ ಮೇಲೆ ಎಷ್ಟು ಪ್ರೀತಿ ಬಂತೆಂದು ಹೇಳಲಾರೆ.

ಆಮೇಲೆ ಹುಡುಕಿದೆ, ಬೀಗದವನ ಹೆಂಡತಿ ಎಲ್ಲಿ? ಒಲೆಯ ಹತ್ತಿರ ನೋಡಿದೆ, ಹಿತ್ತಲಲ್ಲಿ ನೋಡಿದೆ. ಗೋಡೆಯ ಮೇಲಿನ ಒಂದು ಶಾಲನ್ನು ಮುಟ್ಟಿದಾಗ ಗೊತ್ತಾಯಿತು, ನಾಯಕಿಗೆ ಎರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳಂತೆ. ಒಂದು ವಾಕ್ಯ. ಅಷ್ಟೊಂದು ಮಾತಾಡುವ ಮಂತ್ರಿಗೆ ಕೊಟ್ಟಿದ್ದರಲ್ಲಿ ನೂರರಲ್ಲಿ ಒಂದು ಪಾಲು ನನಗೆ ಕೊಟ್ಟಿದ್ದರೂ ಆಗುತ್ತಿತ್ತು. ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ, ನೋವಾಯಿತು. ಕಥೆಯಲ್ಲಿ ತಾಯಿ ಇದ್ದರೆ ಮಗಳು ಒಂಟಿಯಾಗುವುದಿಲ್ಲ, ಅದಕ್ಕೆ ತೆಗೆದಿದ್ದಾಳೆ ಎಂದು ಸಮಾಧಾನ ಮಾಡಿಕೊಂಡೆ.

ಈಗ ದೊಡ್ಡ ದೌರ್ಬಲ್ಯ. ಐದನೆಯ ಬಾಗಿಲಿನ ಹತ್ತಿರ ನಾಯಕಿಯ ಕೈಗೆ ಒಂದು ಚೀಟಿ ಬರುತ್ತದೆ: ನಿನ್ನ ಅಪ್ಪ ಕಾಯಿಲೆ ಬಿದ್ದಿದ್ದಾನೆ, ಬೇಗ ಬಾ. ಎರಡು ದಾರಿ ತೋರಿಸುತ್ತೀಯ. ಈಗಲೇ ಹೊರಡಬಹುದು, ಬಾಗಿಲಿಗೆ ಬೀಗ ಹಾಕಿ ಆಮೇಲೂ ಹೊರಡಬಹುದು. ನಾನು ಮೊದಲ ಸಲ ಬೀಗ ಹಾಕಿ ಹೊರಟೆ. ಮನೆ ತಲುಪಿದರೆ ಕುರ್ಚಿ ಖಾಲಿ. ಪಕ್ಕದ ನೇಕಾರಗಿತ್ತಿ, ಸ್ವಲ್ಪ ಹೊತ್ತಿನ ಕೆಳಗೆ ಹೋದ್ರಮ್ಮ, ದಾರಿ ನೋಡ್ತಾನೇ ಇದ್ರು ಅಂದಳು. ಚೀಟಿ ಬರುವ ಜಾಗದಲ್ಲಿ ಆಟವನ್ನು ಉಳಿಸಿಟ್ಟಿದ್ದೆ, ಅಲ್ಲಿಂದ ಮತ್ತೆ ಶುರುಮಾಡಿದೆ. ತಕ್ಷಣ ಹೊರಟೆ. ಇನ್ನೊಮ್ಮೆ ಕುದುರೆ ಹತ್ತಿ ಹೊಳೆ ದಾಟಿದೆ. ಮತ್ತೊಮ್ಮೆ ಎಲ್ಲೂ ನಿಲ್ಲದೆ, ಮಲಗದೆ ಓಡಿದೆ. ಬಾಗಿಲು ತೆರೆದೇ ಬಿಟ್ಟು, ಒಂದು ಊರಿಗೆ ಊರನ್ನೇ ಬೆಟ್ಟದ ಬಾಯಿಗೆ ಕೊಟ್ಟು ಓಡಿದೆ. ಒಂಬತ್ತು ಸಲ ಆಡಿದೆ. ಒಂಬತ್ತು ಸಲವೂ ಕುರ್ಚಿ ಖಾಲಿ, ಒಂಬತ್ತು ಸಲವೂ ನೇಕಾರಗಿತ್ತಿಯದು ಅದೇ ಮಾತು. ಒಂಬತ್ತನೆಯ ಸಲ ಕಂಡಕ್ಟರು ಎದ್ದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ಎರಡು ದಾರಿ ತೋರಿಸಿ ಎರಡನ್ನೂ ಒಂದೇ ಕಡೆ ತಂದು ಬಿಡುವುದು ಆಡುವವರಿಗೆ ಮಾಡುವ ಮೋಸ, ಕುಳ್ಳಿ. ನಿನ್ನನ್ನು ಬೈದುಕೊಂಡೆ. ಆಮೇಲೆ ಅರ್ಥವಾಯಿತು, ನೀನು ಆಡುವವರನ್ನು ನೆನೆದು ಬರೆದದ್ದಲ್ಲ ಇದು.

ಅಂದು ಗುರುವಾರ ಬೆಳಗ್ಗೆ ಏಳಕ್ಕೆ, ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಬಾ ಎಂದು ನಾನು ನಿನಗೆ ಫೋನ್ ಮಾಡಿದೆ. ನಿನ್ನ ಮೊದಲ ಕಥೆಯನ್ನು ಕಂಪನಿಯ ಹಿರಿಯರ ಮುಂದೆ ಇಡುವ ದಿನ ಅದು. ಸಂಜೆ ಹೊರಡುತ್ತೇನೆ ಅಂದೆ ನೀನು. ಮಧ್ಯಾಹ್ನ ಮೂರೂವರೆಗೆ ನಿಮ್ಮಪ್ಪ ಹೋದರು. ಮಾರನೆಯ ದಿನ ಬಂದವಳು ನನ್ನ ಮಡಿಲಲ್ಲಿ ತಲೆ ಇಟ್ಟು, ಬೆಳಗಿನ ರೈಲು ಹತ್ತಿದ್ರೆ ಎರಡಕ್ಕೆ ಬಂದಿರ್ತಿದ್ದೆ ಅಮ್ಮ, ಒಂದೂವರೆ ಗಂಟೆ ಸಿಗ್ತಿತ್ತು, ಒಂದೂವರೆ ಗಂಟೆ ಎಂದು ಅದನ್ನೇ ಹೇಳಿದೆ. ನಾನು ಬೆನ್ನು ಸವರಿದೆ, ಬಾಯಿ ಬಿಡಲಿಲ್ಲ. ಎರಡು ವರ್ಷದಿಂದ ನೀನು ಆ ಒಂದೂವರೆ ಗಂಟೆಯನ್ನು ಹೊತ್ತುಕೊಂಡು ತಿರುಗುತ್ತಿದ್ದೀಯ ಎಂದು ನನಗೆ ಗೊತ್ತು. ಅದರ ಮೇಲೆ ಇಷ್ಟು ದೊಡ್ಡ ಆಟ ಕಟ್ಟಿದ್ದೀಯ ಎಂದು ಗೊತ್ತಿರಲಿಲ್ಲ.

ಈಗ ನಿನ್ನ ಕಥೆಯ ನಿಜವಾದ ತೂತು ಎಲ್ಲಿದೆ ಹೇಳುತ್ತೇನೆ. ಆ ಚೀಟಿಯನ್ನು ಬರೆದವರು ಯಾರು? ಯಾವತ್ತು ಬರೆದರು? ಆಟದಲ್ಲಿ ಎಲ್ಲೂ ಹೇಳಿಲ್ಲ, ನಿನ್ನ ನಾಯಕಿ ಕೇಳುವುದೂ ಇಲ್ಲ. ವಾರ್ಡಿನಲ್ಲಿ ರೋಗಿಯ ಹಾಳೆಯ ಮೇಲೆ ಹೊತ್ತು ಬರೆಯದೆ ಸಹಿ ಹಾಕಿದರೆ ನಾವು ಎಂಥವಳನ್ನೂ ಬಿಡುತ್ತಿರಲಿಲ್ಲ. ನೀನೂ ನನ್ನನ್ನು ಒಂದು ದಿನವೂ ಕೇಳಲಿಲ್ಲ, ಅಪ್ಪ ಆಸ್ಪತ್ರೆ ಸೇರಿದ್ದು ಯಾವಾಗ ಅಂತ. ಹಿಂದಿನ ರಾತ್ರಿ ಇರಬೇಕು ಎಂದು ನೀನೇ ಅಂದುಕೊಂಡೆ. ನಾನೂ ಹಾಗೇ ಅಂದುಕೊಳ್ಳಲು ಬಿಟ್ಟೆ.

ಅವರು ಸೇರಿದ್ದು ಭಾನುವಾರ.

ಭಾನುವಾರ ಬೆಳಗ್ಗೆ ಅಂಗಡಿಯ ಶಟರ್ ಎತ್ತುವಾಗ ಕುಸಿದರು. ಸೋಮವಾರ, ಮಂಗಳವಾರ, ಬುಧವಾರ ಪೂರ್ತಿ ಎಚ್ಚರವಿತ್ತು, ಮಾತಾಡುತ್ತಿದ್ದರು. ಪಕ್ಕದ ಹಾಸಿಗೆಯವರ ಪೆಟ್ಟಿಗೆಯ ಬೀಗವನ್ನೂ ನೋಡಿಕೊಟ್ಟರು. ನಿನಗೆ ಬೇಕಾಗಿದ್ದದ್ದು ಒಂದೂವರೆ ಗಂಟೆ. ನನ್ನ ಹತ್ತಿರ ನಾಲ್ಕು ದಿನ ಇತ್ತು, ನಾನು ಕೊಡಲಿಲ್ಲ. ನಿಮ್ಮಪ್ಪನೇ ಬೇಡ ಅಂದರು. ಅವಳ ಕೆಲಸಕ್ಕೆ ಕಲ್ಲು ಹಾಕಬೇಡ, ನಂಗೇನೂ ಆಗಲ್ಲ ಅಂದರು. ಅವರ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ. ನೀನು ತಡ ಮಾಡಲಿಲ್ಲ. ತಡವಾಗಿ ಬಂದದ್ದು ನನ್ನ ಫೋನು. ನಿನ್ನ ಆಟದ ನೆನಪುಗಳ ಪಟ್ಟಿಯಲ್ಲಿ ಆ ನಾಲ್ಕು ದಿನ ಇದ್ದಿದ್ದರೆ ಮೊದಲ ಬೀಗಕ್ಕೇ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ.

ಆಟ ಅಂಗಡಿಗೆ ಬರುವುದು ಜೂನಿನಲ್ಲಿ ಅಂದಿದ್ದೆ, ಹಾಗಾದರೆ ಇನ್ನೂ ಸಮಯವಿದೆ. ಬೀಗದವನ ಹೆಂಡತಿಯನ್ನು ಬದುಕಿಸು. ಚೀಟಿಯನ್ನು ಅವಳ ಕೈಯಲ್ಲೇ ಬರೆಸು, ಮೇಲೆ ದಿನ, ಹೊತ್ತು ಹಾಕಿಸು. ಮನೆಗೆ ಬಂದ ಮಗಳು ಖಾಲಿ ಕುರ್ಚಿಯ ಮುಂದೆ ಒಬ್ಬಳೇ ನಿಲ್ಲುವುದು ಬೇಡ, ತಾಯಿಯ ಮುಂದೆ ನಿಲ್ಲಲಿ. ಬೈಯಲಿ, ಬೆನ್ನು ತಿರುಗಿಸಿ ಹೋಗಲಿ, ಅಥವಾ ಕೂತು ಕೇಳಲಿ. ಅದನ್ನು ಆಡುವವರಿಗೆ ಬಿಡು. ಅಲ್ಲಿ ಕೊಡುವ ಆಯ್ಕೆ ನಿಜವಾದ ಆಯ್ಕೆಯಾಗಿರಲಿ, ಒಂದೊಂದು ದಾರಿ ಒಂದೊಂದು ಕಡೆ ಹೋಗಲಿ. ನೀನು ಯಾವುದನ್ನು ಒತ್ತುತ್ತೀಯೋ ನನಗೆ ಗೊತ್ತಿಲ್ಲ. ಕೇಳಲು ನನಗೆ ಮುಖವೂ ಇಲ್ಲ. ಆದರೆ ಆ ಒಂದೂವರೆ ಗಂಟೆಯನ್ನು ಇವತ್ತೇ ಕೆಳಗಿಡು ಕಂದಾ, ಅದು ನಿನ್ನದಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಣ್ಣಿಗೆ ಆಗಾಗ ವಿಶ್ರಾಂತಿ ಕೊಡು.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮರೆಮಾಡಿದ್ದು. ಅಂಚೆ ಡಬ್ಬಿಯವರೆಗೆ ಹೋಗಿ ಕಾಗದ ವಾಪಸ್ ತಂದು ಇಷ್ಟು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಹೇಳಿದ್ದೇನೆ. ನಿಮ್ಮಪ್ಪ ಬೇಡ ಅನ್ನಲಿಲ್ಲ. ಭಾನುವಾರವೇ ಡಾಕ್ಟರು, ಬರೋರಿದ್ರೆ ಬರೋಕೆ ಹೇಳಿ ಅಂದರು. ಆ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ವಾರ್ಡಿನಲ್ಲಿ ಮತ್ತೆ ಮತ್ತೆ ಕಂಡಿದ್ದೆ: ಇವತ್ತೋ ನಾಳೆಯೋ ಅನ್ನುವಂಥವರು ದೂರದಲ್ಲಿರುವ ಮಗನೋ ಮಗಳೋ ಬರಲೆಂದು ನಾಲ್ಕೈದು ದಿನ ಜೀವ ಹಿಡಿದುಕೊಂಡಿರುತ್ತಾರೆ. ಬಂದು ಕೈ ಹಿಡಿದರೆ ಗಂಟೆಯೊಳಗೆ ಹೋಗಿಬಿಡುತ್ತಾರೆ. ನೀನು ಬಾರದಿದ್ದರೆ ಅವರು ಹೋಗುವುದಿಲ್ಲ ಅಂದುಕೊಂಡೆ. ಅದಕ್ಕೇ ನಿನ್ನನ್ನು ಕರೆಯಲಿಲ್ಲ. ಕುಳ್ಳಿ ಹೊರಟಳಾ ಎಂದು ಅವರು ದಿನಾ ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಕೇಳುತ್ತಿದ್ದರು. ಹೊರಟಿದ್ದಾಳೆ, ದಾರಿಯಲ್ಲಿದ್ದಾಳೆ ಅನ್ನುತ್ತಿದ್ದೆ. ಗುರುವಾರ ಬೆಳಗ್ಗೆ ಅವರು ಕೇಳಲಿಲ್ಲ. ಆಗ ನಿನಗೆ ಫೋನ್ ಮಾಡಿದೆ.