ಉಳಿದ ಮೂರು ಬುಧವಾರ

ಗುರುವಾರ ಬೆಳಿಗ್ಗೆ,
ಅಂಗಡಿಯಿಂದ

ವಯಸ್ಸಿನಲ್ಲಿ ಆರು ವರ್ಷ, ಮೊಂಡುತನದಲ್ಲಿ ಅರವತ್ತು ವರ್ಷ ಹಿರಿಯಳಾದ ನನ್ನ ಅಕ್ಕನಿಗೆ,

ನಿನ್ನೆಗೆ ಮೂರನೇ ಬುಧವಾರವೂ ಮುಗಿಯಿತು. ಇನ್ನು ನಿನ್ನ ಹರಕೆ ಚುಕ್ತಾ.

ನನ್ನ ಎದೆ ಕೈಕೊಟ್ಟಾಗ ನನ್ನನ್ನು ಒಂದು ಮಾತೂ ಕೇಳದೆ ಹನ್ನೆರಡು ಬುಧವಾರದ ಉಪವಾಸ ಹರಕೆ ಹೊತ್ತವಳು ನೀನು. ಒಂಬತ್ತು ಮುಗಿಯುವಷ್ಟರಲ್ಲೇ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದವಳೂ ನೀನೇ. ಇನ್ನೊಂದು ಹೊತ್ತಿನ ಊಟ ತಪ್ಪಿಸಿದರೂ ಜೀವಕ್ಕೆ ಕಷ್ಟ ಎಂದು ಡಾಕ್ಟರು ಹೇಳುತ್ತಿದ್ದರೆ, ನೀನು ಆಸ್ಪತ್ರೆಯ ಮಂಚದಿಂದಲೇ ನನ್ನ ಜೊತೆ ವ್ಯಾಪಾರಕ್ಕಿಳಿದೆ. "ತೂಕ ಇಳಿಸೋಕೆ ಹೇಗೂ ಹಸ್ಕೊಂಡಿರ್ತೀಯಲ್ಲೋ, ಅದನ್ನೇ ದೇವರ ಹೆಸರಿಗೆ ಹಾಕ್ಬಿಡು. ಆಗಲ್ಲ ಅಂದ್ರೆ ಹೇಳು, ಉಳಿದ ಮೂರೂ ನಾನೇ ಮಾಡ್ತೀನಿ" ಎಂದೆ.

ಮೂವತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದೇನೆ. ಒಬ್ಬರ ಭಾರವನ್ನು ಇನ್ನೊಬ್ಬರ ತಟ್ಟೆಯಲ್ಲಿ ತೋರಿಸುವುದಕ್ಕೆ ನಮ್ಮ ಕಸುಬಿನಲ್ಲಿ ಮೋಸ ಎನ್ನುತ್ತಾರೆ. ಆದರೂ ನಾನು ಹೂಂ ಎಂದೆ.

ನನ್ನ ತಲೆ ಕೆಟ್ಟಿರುವುದು ಇಲ್ಲಿ. ತೂಕ ಇಳಿಸಲು ನನ್ನ ಡಾಕ್ಟರು ಕೊಟ್ಟ ಉಪವಾಸ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ. ನಿನ್ನದು ಹೊತ್ತು ಮುಳುಗಿದ ಮೇಲೆ. ಹಾಗಾದರೆ ಹನ್ನೆರಡರ ತನಕ ಹಸಿದದ್ದು ಬೊಜ್ಜಿಗೋ, ದೇವರಿಗೋ? ಹೊಟ್ಟೆಯನ್ನು ಕೇಳಿದರೆ ಎರಡಕ್ಕೂ ಒಂದೇ ರಾಗ. ನಮ್ಮ ಅಂಗಡಿಯ ಮಿಸ್ತ್ರಿ ಬೇರೆ, "ಯಜಮಾನ್ರೇ, ಇವತ್ತು ಡಾಕ್ಟರ ಪಾಳಿನೋ ದೇವರ ಪಾಳಿನೋ? ಯಾರದ್ದಾದ್ರೂ ಬೈಗುಳ ಮಾತ್ರ ನಮಗೇ" ಎನ್ನುತ್ತಾನೆ. ದೇವರನ್ನು ನಂಬದವನ ಹಸಿವು ಸಲ್ಲುತ್ತದೆಯೇ ಎಂದು ನಿನ್ನನ್ನೇ ಫೋನಿನಲ್ಲಿ ಕೇಳಿದೆ. "ಹಸಿವಿಗೆ ಯಾಕೋ ನಂಬಿಕೆ? ಅದು ತಾನಾಗೇ ಬರುತ್ತೆ" ಎಂದು ನೀನು ನಕ್ಕುಬಿಟ್ಟೆ. ಅದು ಉತ್ತರವೋ, ನುಣುಚಿಕೊಳ್ಳುವ ಮಾತೋ, ಇನ್ನೂ ಬಗೆಹರಿದಿಲ್ಲ.

ಇರಲಿ. ಹೊತ್ತುಹೊತ್ತಿಗೆ ಉಣ್ಣು. ಮಾತ್ರೆ ಮರೆತರೆ ಭಾವ ನನಗೆ ಚಾಡಿ ಹೇಳುತ್ತಾರೆ, ನೆನಪಿರಲಿ.

ನಿನ್ನ ಹಸಿವಿನ ಗುತ್ತಿಗೆದಾರ,
ತಮ್ಮ

ಮೇಲೆ ಬರೆಯಲು ಧೈರ್ಯ ಸಾಲದ್ದು: ಮೊದಲೆರಡು ಬುಧವಾರ ನಾನು ಹನ್ನೆರಡೂವರೆಗೆಲ್ಲ ಹೊಟ್ಟೆ ತುಂಬ ಉಂಡಿದ್ದೆ. ಸಂಜೆ ಫೋನಿನಲ್ಲಿ ಸೋತ ದನಿ ತೆಗೆದೆ. ನೀನು ನಂಬಿ ಊಟ ಮಾಡಬೇಕಿತ್ತು, ಅಷ್ಟೇ. ನಿನ್ನೆಗೂ ಸುಳ್ಳು ತಯಾರಾಗಿತ್ತು, ಊಟದ ಡಬ್ಬಿಯೂ ತೆರೆದಿತ್ತು, ಮಿಸ್ತ್ರಿ ಹೊರಗೆ ಹೋಗಿದ್ದ. ಆದರೂ ಮುಚ್ಚಳ ಹಾಕಿದೆ. ದೀಪ ಹಚ್ಚುವ ತನಕ ತೆಗೆಯಲಿಲ್ಲ. ಯಾಕೆಂದು ಕೇಳಬೇಡ, ನನಗೇ ಗೊತ್ತಿಲ್ಲ. ಆ ಎರಡನ್ನು ತುಂಬಿಕೊಡಲು ನೀನು ಹೊರಡಬೇಡ ಮಾರಾಯ್ತಿ. ಬರುವ ಬುಧವಾರದ ಉಪವಾಸ ನಾನೇ ಹಿಡಿಯುತ್ತೇನೆ, ಅದರ ಮುಂದಿನದನ್ನೂ.