ಬಾವಿಯಲ್ಲಿ ಸಿಕ್ಕ ಹಲ್ಲು

ಅಕ್ಕಾ,

ನಿನ್ನೆ ಇಲ್ಲಿ ನಿವೃತ್ತ ಹಲ್ಲಿನ ಡಾಕ್ಟರೊಬ್ಬರ ಮನೆಗೆ ಹೋಗಿದ್ದೆ. ಗೋಡೆ ತುಂಬ ಶಾರ್ಕ್ ಮೀನಿನ ದವಡೆಗಳನ್ನು ತೂಗುಹಾಕಿದ್ದಾರೆ. ಒಂದರೊಳಗೆ ನಾನು ಮುದುಡಿ ಕೂರಬಹುದು. ಅವರು ಕಪಾಟಿನಿಂದ ಅಂಗೈಯಗಲದ ಕಪ್ಪು ಕಲ್ಲೊಂದನ್ನು ತೆಗೆದು ನನ್ನ ಕೈಗಿಟ್ಟರು.

"ಇದೂ ಶಾರ್ಕಿನ ಹಲ್ಲೇ. ಲಕ್ಷಾಂತರ ವರ್ಷ ಮಣ್ಣಲ್ಲಿದ್ದು ಕಲ್ಲಾಗಿದೆ. ಅಂಚು ಮುಟ್ಟಿ ನೋಡಿ, ಇನ್ನೂ ಗರಗಸ!"

ಚಿಕ್ಕಂದಿನಲ್ಲಿ ನಮ್ಮ ಬಾವಿ ತೋಡುವಾಗ ನಿನಗೆ ಸಿಕ್ಕಿದ್ದೂ ಇಂಥದ್ದೇ. ನೀನು ಹಲ್ಲು ಅಂದೆ. ನಾನು ಎಲ್ಲರೆದುರು ನಿನ್ನನ್ನು ನಗೆಪಾಟಲು ಮಾಡಿದೆ. ಅದು ಕಳೆದುಹೋಗಲಿಲ್ಲ ಅಕ್ಕಾ. ಮೇಷ್ಟರಿಗೆ ತೋರಿಸಲೆಂದು ನೀನು ಎತ್ತಿಟ್ಟಿದ್ದನ್ನು, ನಿನ್ನ ಮಾತೇ ನಿಜವಾದೀತೆಂಬ ಹೊಟ್ಟೆಕಿಚ್ಚಿಗೆ ನಾನೇ ಹೊಳೆಗೆ ಎಸೆದೆ. ಮೂರು ದಿನ ನಿನ್ನ ಜೊತೆ ಹುಡುಕುವ ನಾಟಕವನ್ನೂ ಆಡಿದೆ.

ನನ್ನ ಕೆಮ್ಮು ಕಡಿಮೆಯಾಗಿದೆ. ಕಾರ್ಡಿನಲ್ಲಿ ಜಾಗವಿಲ್ಲ. ಬೈಯುವುದಕ್ಕಾದರೂ ಒಂದು ಕಾಗದ ಬರೆ.

ನಿನ್ನ ತಮ್ಮ