ಚಾರ್ವಿ ಎಸೆದ ಹಿಮದ ಉಂಡೆ

ಮಾನ್ಯ ಮುಖ್ಯೋಪಾಧ್ಯಾಯರೇ,

ನಿಮ್ಮ ಶಾಲೆಯ ಕಿಟಕಿ ಒಡೆದವಳು ನನ್ನ ಮಗಳಲ್ಲ. ಒಡೆದವಳೇ ಬಂದು ನಿಮ್ಮೆದುರು ಒಪ್ಪಿಕೊಂಡಳು. ಆದರೂ ಪೊಲೀಸರ ಮುಂದೆ ಕೂತವಳು ನನ್ನ ಮಗಳು. ಇದನ್ನು ಸ್ವೀಡಿಷ್‌ನಲ್ಲಿ ಬರೆದುಕೊಟ್ಟೆ, ಉತ್ತರ ಬರಲಿಲ್ಲ. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಓದುತ್ತೀರೆಂಬ ಭ್ರಮೆಯಿಂದಲ್ಲ, ನಾಲ್ಕು ಜನ ಕನ್ನಡಿಗರಾದರೂ ಓದಲಿ ಎಂದು.

ನಾನು ಯಲ್ಲಾಪುರದ ಕಡೆಯ ಸಿದ್ದಿ. ಬಹಳ ಹಿಂದೆ ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ತಪ್ಪಿಸಿಕೊಂಡವರು ಕಾಡು ಸೇರಿದರು, ಕಾಲ ಕಳೆದಂತೆ ಕನ್ನಡದವರಾದರು. ಈಗ ನಾನು ಸ್ವೀಡನ್ನಿನ ಈ ಉಮೆಯೊದಲ್ಲಿ ಮರದ ಬೇರುಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ. ಮಗಳು ಇಂದುಮತಿ ನಿಮ್ಮ ಎಂಟನೆಯ ತರಗತಿಯಲ್ಲಿದ್ದಾಳೆ. ಅವಳ ಗೆಳತಿ ಚಾರ್ವಿ ಬೆಂಗಳೂರಿನವಳು, ಗೋಧಿ ಬಣ್ಣದವಳು. ಇಬ್ಬರೂ ನಿಮ್ಮ ಅಂಗಳದಲ್ಲಿ ಹಿಮದ ಉಂಡೆ ಎಸೆದಾಡಿದರು. ಅದು ನಿಮ್ಮಲ್ಲಿ ನಿಷಿದ್ಧ, ಒಪ್ಪಿದೆ. ಚಾರ್ವಿಯ ಉಂಡೆಯೊಳಗೆ ಮಂಜುಗಡ್ಡೆಯ ಚೂರೊಂದಿತ್ತು. ಶಿಕ್ಷಕರ ಕೋಣೆಯ ಗಾಜು ಒಡೆಯಿತು. ಅಂಗಳದಲ್ಲಿ ಇಬ್ಬರು ಹುಡುಗಿಯರಿದ್ದರು. ಇಣುಕಿದವರಿಗೆ ಕಂಡವಳು ಒಬ್ಬಳೇ.

ನೀವು ಕರೆಸಿದ ಪೊಲೀಸರು ಇಂದುಮತಿಯನ್ನು ಯಾವ ದೇಶ ಎಂದು ಕೇಳಿದರು. ಇಂಡಿಯಾ ಎಂದಳು. ಮನೆಮಾತು? ಕನ್ನಡ ಎಂದಳು. ಸುಳ್ಳು ಹೇಳಿದರೆ ನಿನಗೇ ಕಷ್ಟ ಎಂದರು. ಹೀಗೆ ಕಿಟಕಿಯ ತಪ್ಪಿಗೆ ಸುಳ್ಳಿನ ತಪ್ಪೂ ಸೇರಿತು. ನಿಮ್ಮ ಕಂಪ್ಯೂಟರಿನಲ್ಲಿ ಅವಳ ದೇಶ, ಭಾಷೆ ಎಲ್ಲವೂ ಇವೆ. ಆದರೆ ಮುಖವೇ ಎದುರಿಗಿರುವಾಗ ಕಂಪ್ಯೂಟರನ್ನು ಯಾರು ನೋಡುತ್ತಾರೆ?

ಆಮೇಲೆ ನನ್ನನ್ನು ಸಭೆಗೆ ಕರೆದಿರಿ. ನನ್ನ ಅನುಕೂಲಕ್ಕೆಂದು ದುಭಾಷಿಯೊಬ್ಬರನ್ನು ಕೂರಿಸಿದ್ದಿರಿ. ವಾರ್ಸಮೆ ಎಂಬ ಆ ಸಜ್ಜನರು ಸೊಮಾಲಿಯಲ್ಲಿ ನಮಸ್ಕರಿಸಿದರು, ನಾನು ಕನ್ನಡದಲ್ಲಿ ನಮಸ್ಕರಿಸಿದೆ. ಕೊನೆಗೆ ಇಬ್ಬರೂ ಸ್ವೀಡಿಷ್‌ನಲ್ಲಿ ನಕ್ಕೆವು. ಹೊರಗೆ ಬಂದಾಗ ಅವರು ನಗುತ್ತಿರಲಿಲ್ಲ.

"ನಿನ್ನ ಮಗಳಿಗೆ ಇಂಡಿಯಾ ಅನ್ನೋಕಾದ್ರೂ ಇದೆ, ಅಣ್ಣ. ನನ್ನ ಮಗ ಏನನ್ನಬೇಕು?"

ಅವರ ಮಗನ ಬ್ಯಾಗನ್ನು ನಿಮ್ಮ ಕಾವಲುಗಾರರು ಬೇಕೆಂದಾಗಲೆಲ್ಲ ತೆರೆಯುತ್ತಾರಂತೆ. ಹೇಳಿ ಮಾನ್ಯರೇ, ನಾವು ಸೊಮಾಲಿಯಾದವರೇ ಆಗಿದ್ದರೆ ಒಂದು ಗಾಜಿಗಾಗಿ ಹದಿನಾಲ್ಕರ ಹುಡುಗಿಯನ್ನು ಪೊಲೀಸರ ಮುಂದೆ ಕೂರಿಸುವುದು ಸರಿಯಾಗುತ್ತಿತ್ತೇ?

ಚಾರ್ವಿ ತಂದೆ ಸುಧೀರ್ ಜೊತೆ ನಮ್ಮ ಮನೆಗೆ ಬಂದು ಅತ್ತಳು. "ಅಂಕಲ್, ನಾನೇ ಎಸ್ದಿದ್ದು ಅಂತ ಹೆಡ್‌ಮಾಸ್ಟರ್‌ಗೆ ಹೇಳ್ದೆ. ನೀನು ಒಳ್ಳೇ ಫ್ರೆಂಡ್ ಅಂತ ಬೆನ್ನು ತಟ್ಟಿ ಕಳ್ಸಿದ್ರು."

"ನಾನೂ ಹೋಗಿ ಇವಳಿಗೇ ಪನಿಶ್‌ಮೆಂಟ್ ಕೊಡಿ ಅಂದೆ," ಎಂದರು ಸುಧೀರ್. "ಕಾಫಿ ಕೊಟ್ರು, ಬನ್ ಕೊಟ್ರು. ಪನಿಶ್‌ಮೆಂಟ್ ಒಂದು ಬಿಟ್ಟು ಎಲ್ಲಾ ಕೊಟ್ರು."

ಇದೇ ಸುಧೀರ್ ಇಲ್ಲಿನ ಮೊದಲ ಯುಗಾದಿ ಕೂಟದಲ್ಲಿ, ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತಿರಿ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದವರು. ಇನ್ನು ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ?

ಕಳೆದ ವಾರ ನಿಮ್ಮ ಕಾವಲುಗಾರರು ಇಂದುಮತಿಯನ್ನೂ ಬಾಗಿಲಲ್ಲಿ ತಡೆದರು. ಯಾವ ದೇಶ? ಅವಳು ಸೊಮಾಲಿಯಾ ಎಂದಳು. ಅವರು ತಲೆಯಾಡಿಸಿ ಒಳಗೆ ಬಿಟ್ಟರು.

"ಯಾಕೆ ಹಾಗಂದೆ, ತಂಗಿ?" ಎಂದು ಕೇಳಿದೆ.

"ಬೇಗ ಬಿಡ್ತಾರೆ, ಅಪ್ಪಾ."

ನಾನು ಊರಲ್ಲಿ ಹಾಡು, ಕತೆ ಕೇಳಿ ಬೆಳೆದವನು. ಅವಳನ್ನೂ ಅವುಗಳಲ್ಲೇ ಬೆಳೆಸಿದೆ. ಆ ಕತೆಗಳಲ್ಲಿ ನಿಜ ಹೇಳಿದವರಿಗೆ ಎಷ್ಟೇ ತಡವಾದರೂ ಬಾಗಿಲು ತೆರೆಯುತ್ತದೆ. ನಿಮ್ಮ ಶಾಲೆಯಲ್ಲಿ ಅದು ಸುಳ್ಳಿಗೆ ತೆರೆಯಿತು. ಈಗ ಅವಳು ಕತೆ ಕೇಳುವುದಿಲ್ಲ.

ನನ್ನ ಬೇಡಿಕೆ ಸಣ್ಣದು. ಕಿಟಕಿಯ ತಪ್ಪನ್ನು ಚಾರ್ವಿಯ ಹೆಸರಿಗೆ ಬರೆಯಿರಿ, ಆ ಮಗು ಶಿಕ್ಷೆಗಾಗಿ ಕಾಯುತ್ತಿದೆ. ವಾರ್ಸಮೆಯವರ ಮಗನ ಬ್ಯಾಗಿಗೆ ಕೈ ಹಾಕಬೇಡಿ. ನನ್ನ ಮಗಳನ್ನು ಕರೆದು ಇನ್ನೊಮ್ಮೆ ಯಾವ ದೇಶ ಎಂದು ಕೇಳಿ, ಹೇಳಿದ್ದನ್ನು ನಂಬಿ. ನೀವು ಕೇಳುವ ಹೊತ್ತಿಗೆ ಅವಳು ಏನು ಹೇಳುತ್ತಾಳೋ, ನನಗೆ ಗೊತ್ತಿಲ್ಲ.

ಇಂತಿ,
ಸೊಮಾಲಿ ದುಭಾಷಿ ಬೇಕಾದವನೆಂದು ನಿಮ್ಮಲ್ಲಿ ಇಂದಿಗೂ ದಾಖಲಾಗಿರುವ,
ಗಂಗಾಧರ ಸಿದ್ದಿ
ಉಮೆಯೊ